ಹೇಳಿ ಮಾಡಿಸಿದ ಕೊಡಲಿ

ವ್ಯವಸಾಯದ ಉಪಕರಣಗಳ ವಿಷಯವನ್ನೆತ್ತಿದೊಡನೆ ಗೃಹಸ್ಥರ ಮನಸ್ಸು ಟ್ರಾಕ್ಟರು, ಪಂಪು, ಔಷಧಿ ಸಿಂಪಡಿಸುವ ಯಂತ್ರ ಇವುಗಳ ಕಡೆಗೆ ಹರಿಯುವುದು ಸಹಜವಾಗಿದೆ. ಅವುಗಳ ಬೆಲೆ ದೊಡ್ಡದು. ಆದಕಾರಣ ಕೊಳ್ಳುವುದಕ್ಕೆ ಮುಂಚೆ ನಾಲ್ಕು ಊರು ತಿರುಗಿ, ಹತ್ತು ಜನರನ್ನು ವಿಚಾರಿಸಿ, ಗುಣದೋಷಗಳನ್ನು ತೂಗಿ ನೋಡುವರು. ಆದರೆ ಬೇಲಿಗೂ ತೋಟಕ್ಕೂ ಸೌದೆಗೂ ದಿನಬೆಳಗಾದರೆ ಒದಗಬೇಕಾದ ಕೊಡಲಿಯ ವಿಷಯದಲ್ಲಿ ಈ ವಿಚಾರದ ನೂರರಲ್ಲೊಂದು ಪಾಲೂ ನಡೆಯುವುದಿಲ್ಲ. ಸಂತೆಯಲ್ಲಿ ಕಂಡದ್ದನ್ನು ತರುವುದು, ಇಲ್ಲವೆ ಕುಲುಮೆಯ ಮುಂದೆ ಹಾದುಹೋಗುವಾಗ "ಆಚಾರ್ರೇ, ಒಂದು ಕೊಡಲಿ ಮಾಡಿಡಿ" ಎಂದು ಹೇಳಿ ಮುಂದಕ್ಕೆ ನಡೆಯುವುದು, ಇದೇ ವಾಡಿಕೆ. "ಯಾವ ಕೆಲಸಕ್ಕೆ, ಗೌಡರೇ?" ಎಂದು ಕಮ್ಮಾರನು ಕೇಳಿದರೆ, "ಕೊಡಲಿ ಎಂದರೆ ಕೊಡಲಿ, ಅದರಲ್ಲೇನು?" ಎಂಬ ಉತ್ತರವೇ ಬಹಳ ಕಡೆ ಕೇಳಿಬರುವುದು.

ಹೀಗೆ ಮಾಡಿಸಿದ ಕೊಡಲಿಯ ಗತಿಯು ಎಲ್ಲರೂ ಬಲ್ಲದ್ದೇ. ಒಣಗಿದ ಜಾಲಿಯ ಗಂಟಿಗೆ ತಗಲಿದೊಡನೆ ಬಾಯಿ ಮಡಚಿಕೊಳ್ಳುವುದು, ಇಲ್ಲವೆ ಚಕ್ಕೆ ಹಾರುವುದು. ಹಸಿಮರದ ಕಾವು ಬೇಸಗೆಯಲ್ಲಿ ಒಣಗಿ ಸೊರಗಿ, ಕೊಡಲಿಯ ತಲೆ ಸಡಿಲವಾಗುವುದು. ಅದನ್ನು ನೀರಿನಲ್ಲಿ ನೆನೆಯಿಟ್ಟು ಒಂದೆರಡು ದಿನ ನೂಕಿದ ಮೇಲೆ, ಒಂದಾನೊಂದು ಏಟಿನಲ್ಲಿ ತಲೆಯು ಕಾವನ್ನು ಬಿಟ್ಟು ಹಾರುವುದು. ಆಗ ಎದುರಿಗೆ ಮರವಿದ್ದರೆ ಪುಣ್ಯ; ಕೆಲಸದಾಳಿನ ಮೊಣಕಾಲಿದ್ದರೆ ಒಂದು ಸಂಸಾರದ ಮೂರು ತಿಂಗಳ ದುಡಿಮೆಯೇ ಹೋಯಿತು. ಊರಿನವರು ಕಮ್ಮಾರನನ್ನು ದೂರುವರು. ಕಮ್ಮಾರನ ಕೈಗೆ ಯಾವ ಅಳತೆಯೂ, ಯಾವ ಉಕ್ಕೂ, ಸಾಕಷ್ಟು ಹಣವೂ ಬಂದಿರಲಿಲ್ಲವೆಂಬುದನ್ನು ಯಾರೂ ನೆನೆಯುವುದಿಲ್ಲ.

ಬಹುಮಟ್ಟಿಗೆ ಕೆಟ್ಟ ಕೊಡಲಿಯ ದೋಷವು ಮಾಡಿದವನದಲ್ಲ, ಮಾಡಿಸಿದವನದು ಎಂಬುದೇ ಈ ಲೇಖನದ ಅಭಿಪ್ರಾಯವಾಗಿದೆ. ಒಂದು ವಸ್ತುವು ತಕ್ಕ ಸ್ಥಳದಲ್ಲಿ ಚೆನ್ನಾಗಿ ಕೂತರೆ "ಹೇಳಿ ಮಾಡಿಸಿದ ಹಾಗಿದೆ" ಎಂದು ಕನ್ನಡಿಗರು ಮೆಚ್ಚಿಕೊಳ್ಳುವರು. ಆ ಮಾತಿನಲ್ಲಿ ಮಾಡುವುದಕ್ಕೆ ಮೊದಲು ಹೇಳುವುದು ಬಂದಿದೆ. ಹೇಳಬೇಕಾದವನು ಹೇಳದಿದ್ದರೆ, ಮಾಡಬೇಕಾದವನು ಎಷ್ಟು ಕುಶಲಿಯಾದರೂ ಊಹೆಯ ಮೇಲೆ ಕೆಲಸ ಮಾಡಬೇಕಾಗುವುದು.

ಕೆಲಸವನ್ನು ನೋಡಿ ಕೊಡಲಿಯ ಆಕಾರವನ್ನು ಗೊತ್ತುಮಾಡುವ ವಿದ್ಯೆಯು ಹೊಸದೇನೂ ಅಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಗಟ್ಟಿಯಾದ ಕರಿಗಲ್ಲನ್ನು ಒಡೆದು, ಉಜ್ಜಿ, ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದ ಗುರುತುಗಳು ಇಂದಿಗೂ ಇವೆ. ಕಬ್ಬಿಣದ ಕಾಲದಲ್ಲಿಯೂ ಈ ನಾಡು ಹಿಂದೆ ಬೀಳಲಿಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಾಗಡಿ, ಮಧುಗಿರಿ ಮೊದಲಾದ ಕಡೆಗಳಲ್ಲಿ ಅದುರನ್ನು ಕರಗಿಸಿ ಕಬ್ಬಿಣ ತೆಗೆಯುವುದನ್ನೂ, ಮಣ್ಣಿನ ಮೂಸೆಗಳಲ್ಲಿಟ್ಟು ಉಕ್ಕು ಮಾಡುವುದನ್ನೂ ಕಂಡು ವಿವರವಾಗಿ ಬರೆದಿಟ್ಟಿರುವನು. ಐರೋಪ್ಯರು ಇಲ್ಲಿಯ ಉಕ್ಕಿಗೆ ಇಟ್ಟ ವೂಟ್ಸ್ ಎಂಬ ಹೆಸರು ಕನ್ನಡದ ಉಕ್ಕು ಎಂಬ ಶಬ್ದದಿಂದಲೇ ಬಂದಿತೆಂದು ವಿದ್ವಾಂಸರಲ್ಲಿ ಅನೇಕರು ಒಪ್ಪುವರು. ಇಂಥ ನಾಡಿನ ರೈತನು ಉಕ್ಕಾವುದು, ಬರಿಯ ಕಬ್ಬಿಣವಾವುದು ಎಂದು ವಿಚಾರಿಸದೆ ಕೊಡಲಿ ಕೊಳ್ಳುವುದು ಶೋಭಿಸುವ ಮಾತಲ್ಲ.

ಹೊರದೇಶದ ಒಂದು ನಿದರ್ಶನವೂ ಇಲ್ಲಿ ಉಪಯೋಗಕ್ಕೆ ಬರುವುದು. ಉತ್ತರ ಅಮೆರಿಕದ ಮೂಲನಿವಾಸಿಗಳ ಕೈಗೊಡಲಿಗೆ ಟೊಮಹಾಕ್ ಎಂದು ಹೆಸರು. ವರ್ಜೀನಿಯಾ ಸೀಮೆಯ ಆಲ್ಗಾಂಕ್ವಿಯನ್ ಭಾಷೆಯ ಈ ಶಬ್ದವನ್ನು ಇಂಗ್ಲಿಷರು ಹದಿನೇಳನೆಯ ಶತಮಾನದ ಆರಂಭದಲ್ಲಿ ಎತ್ತಿಕೊಂಡರು. ಮೊದಲು ಕಲ್ಲಿನ ತಲೆಯಿದ್ದ ಈ ಆಯುಧಕ್ಕೆ ಐರೋಪ್ಯ ವರ್ತಕರು ತುಪ್ಪುಳದ ಚರ್ಮಗಳಿಗೆ ಬದಲಾಗಿ ಕಬ್ಬಿಣದ ತಲೆಗಳನ್ನು ತಂದುಕೊಟ್ಟರು. ಕಬ್ಬಿಣದ ಪಟ್ಟಿಯೊಂದನ್ನು ಒಂದು ಸರಳಿನ ಸುತ್ತ ಮಡಿಸಿ, ಎರಡು ತುದಿಗಳ ನಡುವೆ ಉಕ್ಕಿನ ತುಂಡನ್ನಿಟ್ಟು, ಕಾಯಿಸಿ ಬೆಸೆದು, ಬಾಯಿ ತೆಗೆಯುವುದು ಆ ಕಾಲದ ಕಮ್ಮಾರರ ಕ್ರಮವಾಗಿದ್ದಿತು. ಕಾಡಿನಲ್ಲಿ ದೂರ ನಡೆಯುವವನಿಗೆ ಹೊರೆಯಾಗಬಾರದೆಂದು ತಲೆ ಹಗುರ, ಕಾವು ಗಿಡ್ಡ. ಕಾವನ್ನು ಬಹುಮಟ್ಟಿಗೆ ಮೇಲಿನಿಂದ ಇಳಿಸುತ್ತಿದ್ದರು. ಮುರಿದರೆ ಕಾಡಿನಲ್ಲಿಯೇ ಇನ್ನೊಂದು ಕೋಲನ್ನು ಕೆತ್ತಿ ತೂರಿಸಬಹುದಾಗಿತ್ತು. ಹಿಂಬದಿಯಲ್ಲಿ ಹೊಗೆಸೊಪ್ಪು ಸೇದುವ ಬಟ್ಟಲನ್ನು ಕೂಡಿಸಿ, ಕಾವನ್ನೇ ಕೊಳವಿಯಾಗಿ ಮಾಡಿದ ಬಗೆಯೂ ಉಂಟು. ಸಂಧಾನಗಳಲ್ಲಿ ಅಂಥವನ್ನು ಕಾಣಿಕೆಯಾಗಿ ಕೊಡುತ್ತಿದ್ದರು. ಇಂದಿಗೂ ಆ ದೇಶದಲ್ಲಿ ಕೈಯಿಂದ ಟೊಮಹಾಕ್ ಮಾಡುವ ಕಮ್ಮಾರರಿದ್ದಾರೆ. ಹೇಳಿ ಮಾಡಿಸುವ ಗಿರಾಕಿಯು ತೂಕ, ಬಾಯಿಯ ಅಗಲ, ಕಾವಿನ ಉದ್ದ, ಮರದ ಜಾತಿ ಇವನ್ನು ಮೊದಲೇ ಕಮ್ಮಾರನೊಡನೆ ಗೊತ್ತುಮಾಡಿಕೊಳ್ಳುವನು. ಹವ್ಯಾಸಕ್ಕಾಗಿ ಮಾಡಿಸುವವನೇ ಇಷ್ಟು ವಿಚಾರ ಮಾಡುವಾಗ, ಹೊಟ್ಟೆಪಾಡಿನ ಉಪಕರಣವನ್ನು ಮಾಡಿಸುವವನು ಅದಕ್ಕಿಂತ ಕಡಮೆ ವಿಚಾರ ಮಾಡುವುದು ತರವಲ್ಲ.

ಹಾಗಾದರೆ ಕಮ್ಮಾರನಿಗೆ ಹೇಳಬೇಕಾದುದೇನು? ಮುಖ್ಯವಾದ ಸಂಗತಿಗಳು ಆರು.

ಮೊದಲನೆಯದು, ಕೆಲಸ. ರೆಂಬೆ ಸವರುವುದು, ಬೇಲಿಯ ಮುಳ್ಳು ಕಡಿಯುವುದು ಮುಂತಾದ ಒಂದೇ ಕೈಯ ಕೆಲಸಕ್ಕೆ 500ರಿಂದ 700 ಗ್ರಾಂ ತೂಕದ ತಲೆಯೂ 14ರಿಂದ 18 ಅಂಗುಲದ ಕಾವೂ ಇರುವ ಕೈಗೊಡಲಿ ಸಾಕು. ಎರಡು ಕೈಯಿಂದ ಮರ ಕಡಿಯುವ ಕೊಡಲಿಗೆ ಸುಮಾರು ಒಂದೂವರೆ ಕಿಲೋ ತೂಕವೂ 28ರಿಂದ 32 ಅಂಗುಲದ ಕಾವೂ ಬೇಕು. ಕಡಿಯುವ ಕೊಡಲಿಯ ಕೆನ್ನೆಗಳು ತೆಳುವಾಗಿರಬೇಕು. ಸೌದೆ ಸೀಳುವ ಕೊಡಲಿಯ ಕೆನ್ನೆಗಳು ಬೆಣೆಯ ಹಾಗೆ ದಪ್ಪವಾಗಿರಬೇಕು. ಒಂದೇ ಕೊಡಲಿಯಿಂದ ಎರಡನ್ನೂ ಮಾಡಹೊರಟರೆ, ಕಡಿಯುವಾಗ ಅದು ಮರದಿಂದ ಪುಟಿಯುವುದು, ಇಲ್ಲವೆ ಸೀಳುವಾಗ ಮರದಲ್ಲಿ ಸಿಕ್ಕಿಕೊಳ್ಳುವುದು. ಕೆಲಸ ಮಾಡುವವರು ಯಾರೆಂಬುದನ್ನೂ ಹೇಳಬೇಕು. ತೋಟದಲ್ಲಿ ದುಡಿಯುವ ಹೆಂಗಸರಿಗೆ ಗಂಡಸಿನ ಕೈಗೆ ಮಾಡಿದ ದಪ್ಪ ಕಾವನ್ನು ಕೊಟ್ಟರೆ ಹಿಡಿತ ಸಿಕ್ಕದೆ ಕೈ ಜಾರುವುದು.

ಎರಡನೆಯದು, ಮಾದರಿ. ಬಾಯಿಮಾತಿನಲ್ಲಿ "ಇಷ್ಟಗಲ, ಅಷ್ಟುದ್ದ" ಎಂದು ಬೆರಳು ತೋರಿಸಿದರೆ ಸಾಲದು. ಹಳೆಯ ಎಣ್ಣೆಡಬ್ಬಿಯ ತಗಡಿನಲ್ಲಿ ಕೊಡಲಿಯ ಪಕ್ಕದ ಆಕಾರವನ್ನು ಕತ್ತರಿಸಿ ಕೊಡಬೇಕು. ರಟ್ಟಾದರೆ ಕೆಂಡದ ಬಳಿ ಸುಟ್ಟುಹೋಗುವುದು. ತಗಡನ್ನು ಕಾದ ಕಬ್ಬಿಣದ ಪಕ್ಕದಲ್ಲಿಯೇ ಹಿಡಿದು ನೋಡಬಹುದು. ಮನೆಯಲ್ಲಿ ತಂದೆಯ ಕಾಲದ ಒಳ್ಳೆಯ ಕೊಡಲಿಯೊಂದಿದ್ದರೆ, ಅದು ಸಾಣೆ ಹಿಡಿಸಿಕೊಂಡು ಸವೆದುಹೋಗುವುದಕ್ಕೆ ಮುಂಚೆಯೇ ಅದರ ಆಕಾರವನ್ನು ತಗಡಿಗೆ ಇಳಿಸಿಕೊಳ್ಳತಕ್ಕದ್ದು. ಮಾದರಿಯ ಮೇಲೆ ಮನೆಯ ಹೆಸರನ್ನು ಬರೆದು ಕುಲುಮೆಯ ಗೋಡೆಗೆ ತೂಗುಹಾಕಿದರೆ, ಮುಂದಿನ ಸಲ "ಅದೇ ಅಳತೆ" ಎಂಬ ಒಂದು ಮಾತು ಸಾಕು.

ಮೂರನೆಯದು, ಉಕ್ಕು. ಕಟ್ಟಡದ ಕೆಲಸಕ್ಕೆ ಬರುವ ಮೆದು ಕಬ್ಬಿಣದಲ್ಲಿ ಇಂಗಾಲದ ಅಂಶವು ನೂರಕ್ಕೆ ಕಾಲುಭಾಗದಷ್ಟೂ ಇರುವುದಿಲ್ಲ; ಅದನ್ನು ಎಷ್ಟು ಕಾಯಿಸಿ ತಣಿಸಿದರೂ ಬಾಯಿ ಗಟ್ಟಿಯಾಗದು. ಲಾರಿಗಳ ಕಮಾನುಪಟ್ಟಿಯ ಉಕ್ಕಿನಲ್ಲಿ ಅದು ನೂರಕ್ಕೆ ಅರ್ಧಭಾಗಕ್ಕಿಂತ ಸ್ವಲ್ಪ ಹೆಚ್ಚಾಗಿರುವುದರಿಂದ ಕೊಡಲಿಗೆ ಚೆನ್ನಾಗಿ ಒಗ್ಗುವುದು. ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದಾದ ಕಾರಣ, ಮುರಿದ ಜಾಗದ ಹತ್ತಿರದ ತುಂಡನ್ನು ಬಿಟ್ಟು ಬೇರೆಯದನ್ನು ಆರಿಸಬೇಕು. ಇಡೀ ಕೊಡಲಿಯನ್ನು ಉಕ್ಕಿನಿಂದ ಮಾಡಬೇಕಾದದ್ದಿಲ್ಲ. ಮೈಯನ್ನು ಮೆದು ಕಬ್ಬಿಣದಲ್ಲಿ ಮಾಡಿ ಬಾಯಿಗೆ ಮಾತ್ರ ಉಕ್ಕನ್ನು ಬೆಸೆಯುವುದು ಬಲ್ಲ ಕಮ್ಮಾರರ ಹಳೆಯ ಪದ್ಧತಿಯೇ. ಇದರಿಂದ ಉಕ್ಕು ಉಳಿಯುವುದಲ್ಲದೆ, ಮೆದುವಾದ ಮೈಯು ಏಟಿನ ಪೆಟ್ಟನ್ನು ತಾಳಿಕೊಳ್ಳುವುದು.

ನಾಲ್ಕನೆಯದು, ಹದ. ಕೊಡಲಿಯ ಪ್ರಾಣವೆಲ್ಲವೂ ಇದರಲ್ಲಿದೆ. ಕಾದ ಉಕ್ಕು ಸುಮಾರು 770 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುವುದು. ಅದಕ್ಕಿಂತ ಸ್ವಲ್ಪ ಮೇಲಿನ ಕಾವಿನಲ್ಲಿ ತಣಿಸಿದರೆ ಬಾಯಿ ಗಟ್ಟಿಯಾಗುವುದು. ಬಿಸಿಲಿನಲ್ಲಿ ಕೆಂಪುಬಣ್ಣವು ಕಣ್ಣಿಗೆ ಮೋಸಮಾಡುವುದರಿಂದಲೇ ಕುಲುಮೆಯನ್ನು ನೆರಳಿನಲ್ಲಿ, ನಸುಗತ್ತಲೆಯಲ್ಲಿ ಇಟ್ಟುಕೊಳ್ಳುವರು. ಕಮಾನುಪಟ್ಟಿಯ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಬಿರಿಯುವ ಭಯವುಂಟು. ಎಣ್ಣೆಯಲ್ಲಿ ತಣಿಸುವುದು ಕ್ಷೇಮ. ತಣಿಸಿದ ಉಕ್ಕು ಗಾಜಿನಂತೆ ಪೆಡಸಾಗಿರುವುದರಿಂದ ಅದನ್ನು ಹಾಗೆಯೇ ಬಿಡಬಾರದು. ಬಾಯಿಯನ್ನು ಕಲ್ಲಿನಿಂದ ಉಜ್ಜಿ ಹೊಳಪು ಬರಿಸಿ, ಮೈಯಲ್ಲುಳಿದ ಕಾವು ಮೆಲ್ಲಗೆ ಬಾಯಿಗೆ ಹರಿದುಬರುವಂತೆ ಬಿಟ್ಟರೆ, ಮೊದಲು ಒಣಹುಲ್ಲಿನ ಬಣ್ಣ, ಬಳಿಕ ಕಂದು, ಆಮೇಲೆ ನೇರಿಳೆ, ಕೊನೆಗೆ ನೀಲಿ ಹೀಗೆ ಬಣ್ಣಗಳು ಓಡುವುವು. ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಿದರೆ ಕೊಡಲಿಯ ಬಾಯಿ ಚಕ್ಕೆ ಹಾರುವುದು. ನೇರಿಳೆಯು ನೀಲಿಗೆ ತಿರುಗುವ ಹೊತ್ತಿಗೆ ಮತ್ತೆ ತಣಿಸಿದರೆ ಬಾಯಿಯು ಗಟ್ಟಿಯೂ ಆಗುವುದು, ಪೆಟ್ಟನ್ನೂ ತಾಳುವುದು. ಹೇಗೆ ಹದ ಹಾಕಬೇಕೆಂದು ಕಮ್ಮಾರನಿಗೆ ಪಾಠ ಹೇಳುವುದು ಗೃಹಸ್ಥರ ಕೆಲಸವಲ್ಲ. ಆದರೆ ಈ ಕೆಲಸಕ್ಕೆ ಹೊತ್ತು ಬೇಕೆಂಬುದನ್ನು ತಿಳಿದು, "ಸಂಜೆಯೊಳಗೆ ಬೇಕು" ಎಂದು ಅವಸರಪಡಿಸದಿರುವುದು ಅವರ ಕೆಲಸವೇ ಹೌದು.

ಐದನೆಯದು, ಕಾವು. "ಕೊಡಲಿ ಕಾವು ಕುಲಕ್ಕೆ ಮೃತ್ಯು" ಎಂಬ ಗಾದೆಯು ಮರಗಳ ಪಾಲಿಗೆ ಹುಟ್ಟಿದ್ದು; ಕಾವನ್ನು ಅಲಕ್ಷ್ಯ ಮಾಡಿದರೆ ಅದು ಕೊಡಲಿ ಹಿಡಿದವನಿಗೂ ಸಲ್ಲುವುದು. ತಡಸಲು, ದಿಂಡಿಗ, ಕರಿಜಾಲಿ ಇವು ಕಾವಿಗೆ ಹೆಸರಾದ ಮರಗಳು. ಸರ್ಕಾರಿ ಕಾಡಿಗೆ ಕೈಹಾಕದೆ, ಸ್ವಂತ ಹೊಲದ ಬದುವಿನಲ್ಲಿರುವ ಮರದಿಂದಲೋ ಮರದ ಅಡ್ಡೆಯಿಂದಲೋ ಇವನ್ನು ಒದಗಿಸಿಕೊಳ್ಳಬೇಕು. ಎಳೆಗಳು ಉದ್ದಕ್ಕೂ ನೇರವಾಗಿ ಓಡಿರಬೇಕು. ಅಡ್ಡ ಎಳೆಯ ಕಾವು ಮುನ್ಸೂಚನೆಯಿಲ್ಲದೆ ಮುರಿಯುವುದು. ಕಡಿದ ಮರವನ್ನು ಕೆಲವು ತಿಂಗಳಾದರೂ ನೆರಳಿನಲ್ಲಿ ಒಣಗಿಸಿದಲ್ಲದೆ ಕಾವಿಗೆ ಕೆತ್ತಬಾರದು. ಕಾವು ಕೂರುವ ಕಣ್ಣಿನ ವಿಷಯದಲ್ಲಿ ಎರಡು ಕ್ರಮಗಳುಂಟು. ಕಾವನ್ನು ಕೆಳಗಿನಿಂದ ತೂರಿಸಿ ಮೇಲೆ ಬೆಣೆ ಹೊಡೆಯುವುದು ಒಂದು. ಪಿಕಾಸಿಗೆ ಮಾಡುವ ಹಾಗೆ ಮೇಲಿನಿಂದ ಇಳಿಸುವುದು ಇನ್ನೊಂದು. ಎರಡನೆಯ ಕ್ರಮದಲ್ಲಿ ಕಾವಿನ ಮೇಲ್ತುದಿ ಕಣ್ಣಿಗಿಂತ ದಪ್ಪವಾಗಿರುವುದರಿಂದ, ಬೀಸಿದಷ್ಟೂ ತಲೆಯು ಬಿಗಿಯುವುದೇ ಹೊರತು ಕಳಚಿ ಹಾರುವುದಿಲ್ಲ. ಬೆಣೆಯ ಕೊಡಲಿಯನ್ನು ದಿನವೂ ನೋಡಿಕೊಳ್ಳುವ ಅಭ್ಯಾಸವಿಲ್ಲದ ಮನೆಗಳು ಈ ಎರಡನೆಯದನ್ನೇ ಹೇಳಿ ಮಾಡಿಸುವುದು ಮೇಲು.

ಆರನೆಯದು, ಪರೀಕ್ಷೆ ಮತ್ತು ಬೆಲೆ. ಕೊಡಲಿಯನ್ನು ಒಪ್ಪಿಕೊಳ್ಳುವುದಕ್ಕೆ ಮುಂಚೆ ಕಮ್ಮಾರನ ಎದುರಿನಲ್ಲಿಯೇ ಒಣಜಾಲಿಯ ಮೇಲೆ ಇಪ್ಪತ್ತು ಏಟು ಹಾಕಿ ಬಾಯಿಯನ್ನು ನೋಡಬೇಕು. ಮಡಚಿದ್ದರೆ ಹದ ಸಾಲದು; ಚಕ್ಕೆ ಹೋಗಿದ್ದರೆ ಹದ ಹೆಚ್ಚಾಯಿತು. ಎರಡನ್ನೂ ಮತ್ತೆ ಕುಲುಮೆಗಿಟ್ಟು ಸರಿಪಡಿಸಬಹುದು. ಅರದಿಂದ ಬಾಯಿಯನ್ನು ಉಜ್ಜಿದಾಗ, ಅರವು ಬೆಣ್ಣೆಗೆ ಹತ್ತಿದಂತೆ ಹತ್ತಬಾರದು, ಗಾಜಿನ ಮೇಲೆ ಜಾರಿದಂತೆ ಜಾರಲೂಬಾರದು. ಈ ಪರೀಕ್ಷೆಗೆ ಕಮ್ಮಾರನು ಒಪ್ಪಬೇಕಾದರೆ ಬೆಲೆಯೂ ಅದಕ್ಕೆ ತಕ್ಕಂತಿರಬೇಕು. ಸುತ್ತಿಗೆ ಹಿಡಿಯುವವನೊಬ್ಬ, ಚಮಟಿಗೆ ಹೊಡೆಯುವವನೊಬ್ಬ, ಇದ್ದಲು, ಉಕ್ಕು, ಅರ್ಧ ದಿನದ ಹೊತ್ತು ಇಷ್ಟರ ವೆಚ್ಚವನ್ನು ಸಂತೆಯ ಕೊಡಲಿಯ ಬೆಲೆಗೆ ಇಳಿಸಬೇಕೆಂದು ಚೌಕಾಸಿ ಮಾಡಿದರೆ, ಕಮ್ಮಾರನು ಬೆಲೆಯನ್ನು ಇಳಿಸುವುದಿಲ್ಲ, ಉಕ್ಕನ್ನು ಇಳಿಸುವನು. ಉಕ್ಕಿಗೂ ಇದ್ದಲಿಗೂ ಆಗುವ ಹಣವನ್ನು ಮುಂಗಡವಾಗಿ ಕೊಡುವುದೇ ನ್ಯಾಯ.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕಾಗಿದೆ. ಕೃಷಿಯ ಮತ್ತು ಮನೆಯ ಕೆಲಸಕ್ಕೆಂದು ಮಾಡಿದ ಉಪಕರಣಗಳನ್ನು 1959ರ ಶಸ್ತ್ರಾಸ್ತ್ರ ಕಾಯಿದೆಯು ಆಯುಧಗಳಿಂದ ಬೇರೆಯಾಗಿ ಎಣಿಸುವುದು. ಆದರೆ ಯುದ್ಧದ ಕೊಡಲಿಯ ಆಕಾರವನ್ನು ಚೆಲುವಿಗಾಗಿ ಮಾಡಿಸಹೊರಟ ತರುಣರಿಗೆ ಈ ರಕ್ಷಣೆಯು ದೊರೆಯುವುದೆಂದು ತಿಳಿಯತಕ್ಕದ್ದಲ್ಲ. ಕೊಡಲಿಯ ಆಕಾರವು ಅದರ ಕೆಲಸದಿಂದಲೇ ಹುಟ್ಟಬೇಕು.

"ಇಷ್ಟೆಲ್ಲಾ ತೊಡಕೇಕೆ? ಕಾರ್ಖಾನೆಯ ಕೊಡಲಿ ಅಂಗಡಿಯಲ್ಲಿ ದೊರೆಯುವುದಲ್ಲ!" ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಒಳ್ಳೆಯ ಕಾರ್ಖಾನೆಯ ಕೊಡಲಿಯಲ್ಲಿ ಹದವು ಒಂದೇ ಸಮನಾಗಿರುವುದು. ಅದನ್ನು ಹೀಗಳೆಯಬೇಕಾದ ಕಾರಣವಿಲ್ಲ. ದೊಡ್ಡ ಮರಗಳನ್ನು ಉರುಳಿಸುವುದಕ್ಕೆ ಯಂತ್ರದ ಗರಗಸವೇ ಸರಿ. ಆದರೆ ಕಾರ್ಖಾನೆಯು ಎಲ್ಲರಿಗೂ ಒಂದೇ ಅಳತೆಯನ್ನು ಮಾಡುವುದಲ್ಲದೆ, ಮಲೆನಾಡಿನ ಅಡಕೆತೋಟದ ಕೈಗೂ ಬಯಲುಸೀಮೆಯ ಜಾಲಿಬೇಲಿಯ ಕೈಗೂ ಬೇರೆ ಬೇರೆಯಾಗಿ ಮಾಡಿಕೊಡಲಾರದು. ಮೇಲಾಗಿ, ಕೊಡಲಿಯನ್ನು ಅಂಗಡಿಯಿಂದ ತಂದ ಮಾತ್ರಕ್ಕೆ ಕುಲುಮೆಯ ಅಗತ್ಯವು ತೀರಲಿಲ್ಲ. ಕುಳದ ಮೊನೆ ತೆಗೆಯುವುದು, ಕುಡುಗೋಲಿಗೆ ಹಲ್ಲು ಕಚ್ಚಿಸುವುದು, ಗುದ್ದಲಿಯ ಬಾಯಿ ಬಡಿಯುವುದು ಇವನ್ನು ಯಾವ ಅಂಗಡಿಯೂ ಮಾಡಿಕೊಡದು. ಹೊಸ ಕೆಲಸವೆಲ್ಲವನ್ನೂ ಪೇಟೆಗೆ ಕೊಟ್ಟು, ರಿಪೇರಿಯ ಚಿಲ್ಲರೆ ಕೆಲಸಕ್ಕೆ ಮಾತ್ರ ಕಮ್ಮಾರನು ಊರಿನಲ್ಲಿರಬೇಕೆಂದರೆ ಅವನ ಮಗನು ತಿದಿಯ ಮುಂದೆ ಕೂರುವುದಿಲ್ಲ. ಒಂದು ಸಲ ಆರಿದ ಕುಲುಮೆಯು ಮತ್ತೆ ಹೊತ್ತುವುದು ಅಪೂರ್ವ. ಮುಂಗಾರಿನ ಹದ ಕೈಮೀರುತ್ತಿರುವಾಗ ಮೊಂಡಾದ ಕುಳವನ್ನು ಹಿಡಿದುಕೊಂಡು ಹೋಬಳಿಗೆ ಅಲೆದ ರೈತನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಆಯದ ಪದ್ಧತಿಯಿದ್ದಾಗ ಕಮ್ಮಾರನಿಗೆ ಕಣದಲ್ಲಿ ವರ್ಷಕ್ಕೊಮ್ಮೆ ಧಾನ್ಯ ಸಲ್ಲುತ್ತಿತ್ತು. ಊರಿನ ಉಪಕರಣಗಳು ಅವನ ಹೊಣೆಯಾಗಿದ್ದುವು. ಅದರಲ್ಲಿ ಭದ್ರತೆಯಿದ್ದಂತೆಯೇ ಕೈಯೊಡ್ಡಿ ನಿಲ್ಲಬೇಕಾದ ಹೀನಾಯವೂ ಇತ್ತು. ಆ ಪದ್ಧತಿಯನ್ನು ಮರಳಿ ತರಬೇಕೆಂಬುದು ಇಲ್ಲಿಯ ಆಶಯವಲ್ಲ. ಅದರ ಭದ್ರತೆಯನ್ನು ಹಣದ ರೂಪದಲ್ಲಿ, ಮರ್ಯಾದೆಯೊಡನೆ ಉಳಿಸಿಕೊಳ್ಳುವ ದಾರಿಯೇ ಹೇಳಿ ಮಾಡಿಸುವ ಕ್ರಮ.

ಇದರಲ್ಲಿ ಊರಿನ ಯಜಮಾನರು ಮಾಡಬಹುದಾದ ಕೆಲಸವು ಸಣ್ಣದಲ್ಲ. ಸುಗ್ಗಿ ಮುಗಿದು ಯುಗಾದಿ ಬರುವುದರೊಳಗೆ ಕಮ್ಮಾರನ ಕೈ ಬಿಡುವಾಗಿರುವುದು. ಆಗ ಹತ್ತು ಮನೆಯವರು ಸೇರಿ, ತಮ್ಮ ತಮ್ಮ ಮಾದರಿಗಳನ್ನು ಕೊಟ್ಟು, ಉಕ್ಕನ್ನು ಒಟ್ಟಿಗೆ ತರಿಸಿ, ಒಂದೇ ಪಟ್ಟಿಯಾಗಿ ಕೆಲಸವನ್ನು ಒಪ್ಪಿಸಿದರೆ, ಕುಲುಮೆಯು ಒಂದು ತಿಂಗಳು ಆರದೆ ಉರಿಯುವುದು, ಇದ್ದಲೂ ಉಳಿಯುವುದು. ಮುಂಗಾರಿನ ಹೊತ್ತಿಗೆ ಕುಳದ ಕೆಲಸಕ್ಕೆ ಕಮ್ಮಾರನೂ ದೊರೆಯುವನು. ಇದಲ್ಲದೆ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿಯವರೆಗೆ ಸಾಲ ಇವನ್ನು ಅದರಲ್ಲಿ ಗೊತ್ತುಮಾಡಿದೆ. ಅರ್ಜಿಯ ಮೊದಲ ಪರಿಶೀಲನೆಯು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿಯೇ ನಡೆಯುವುದಾದ್ದರಿಂದ, ಕಮ್ಮಾರನ ಕಾಗದವು ಅಲ್ಲಿ ಧೂಳು ಹಿಡಿಯದಂತೆ ನೋಡಿಕೊಳ್ಳುವುದು ಊರಿನ ಹಿರಿಯರಿಗೆ ಸೇರಿದ ಮಾತು.

ಕೊಡಲಿಯೊಂದು ಸಣ್ಣ ವಸ್ತು. ಆದರೆ ಅದರ ಬಾಯಲ್ಲಿ ಕಮ್ಮಾರನ ಹದವೂ, ಕಾವಿನಲ್ಲಿ ಆಳಿನ ಕ್ಷೇಮವೂ, ಬೆಲೆಯಲ್ಲಿ ಯಜಮಾನನ ನ್ಯಾಯವೂ ಕೂಡಿರುವುವು. ಈ ವರ್ಷದ ಸುಗ್ಗಿ ಮುಗಿದ ಮೇಲೆ ಪ್ರತಿಯೊಬ್ಬ ಗೃಹಸ್ಥನೂ ಒಂದು ತಗಡಿನ ಮಾದರಿಯನ್ನು ಹಿಡಿದುಕೊಂಡು ಊರಿನ ಕುಲುಮೆಗೆ ಹೋಗಲಿ. ಹೋಗಿ ನಿಂತು, ಹೇಳಲಿ. ಕಮ್ಮಾರನು ಹೇಳುವುದನ್ನೂ ಕೇಳಲಿ. ಹೇಳಿ ಮಾಡಿಸಿದ ಕೊಡಲಿಯು ಹೇಳಿ ಮಾಡಿಸಿದ ಹಾಗೆಯೇ ಬರುವುದು.